ಕಾಂಕ್ರೀಟ್ ಬೀಳುವ ಮೊದಲು

ವೈರಿಂಗ್ ಅಂದರೆ ಗೋಡೆ ಎದ್ದ ಮೇಲಿನ ಕೆಲಸ ಎಂದು ಹಲವರು ತಿಳಿದಿದ್ದಾರೆ. ನಮ್ಮ ಕೆಲಸ ಶುರುವಾಗುವುದು ತಾರಸಿಗೆ ಕಂಬಿ ಕಟ್ಟುವಾಗಲೇ. ಕಂಬಿಗಳ ನಡುವೆ ಪಿವಿಸಿ ಪೈಪ್ ಹಾಯಿಸಿ, ಫ್ಯಾನ್ ಬಾಕ್ಸ್ ಕೂರಿಸಿ, ಬಾಯಿಗೆ ಕಾಗದ ತುರುಕುತ್ತೇವೆ. ಇಲ್ಲದಿದ್ದರೆ ಸಿಮೆಂಟ್ ಹಾಲು ಒಳಗಿಳಿದು ಗಟ್ಟಿಯಾಗುತ್ತದೆ. ಕಾಂಕ್ರೀಟ್ ಹಾಕುವ ದಿನ ನಾನು ಅಲ್ಲೇ ನಿಂತಿರಬೇಕು. ವೈಬ್ರೇಟರ್ ತಗುಲಿ ಪೈಪಿನ ಜೋಡು ಬಿಟ್ಟರೆ, ಆಮೇಲೆ ಕಾಂಕ್ರೀಟ್ ಕೊರೆಯಬೇಕಾಗುತ್ತದೆ.

ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿ, ಬೆಂಗಳೂರಿನ ಅಪಾರ್ಟ್‌ಮೆಂಟ್ ಸೈಟಿಗೆ ಅಪ್ರೆಂಟಿಸ್ ಆಗಿ ಬಂದವಳು ನಾನು. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಒಪ್ಪಂದವಿದೆ, ತಿಂಗಳಿಗೆ ಸ್ಟೈಪೆಂಡ್ ಬರುತ್ತದೆ. ದೀಪಕ್ಕೆ 1.5 ಚದರ ಮಿಲಿಮೀಟರ್ ವೈರ್, ಗೀಸರಿಗೆ 4 ಎನ್ನುವುದೆಲ್ಲ ಪುಸ್ತಕದಲ್ಲಿತ್ತು. ಆದರೆ ತಿರುವುಗಳಿರುವ ಪೈಪಿನಲ್ಲಿ ಸ್ಪ್ರಿಂಗ್ ಬಿಟ್ಟು, ಮೂರು ವೈರ್ ಒಟ್ಟಿಗೆ ಎಳೆಯುವಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಮೇಸ್ತ್ರಿಯ ಕೈ ನೋಡಿಯೇ ಕಲಿಯಬೇಕು.

“ಆಫ್ ಮಾಡೀನಿ ಅಂತ ಯಾರೇ ಅನ್ನಲಿ, ನೀನೇ ಚೆಕ್ ಮಾಡವ್ವಾ,” ಅನ್ನುತ್ತಾರೆ ಅವರು. ಬ್ರೇಕರಿಗೆ ಬೀಗ ಹಾಕಿದ ಮೇಲೆ ಕೀಲಿ ನನ್ನ ಜೇಬಿನಲ್ಲೇ ಇರಬೇಕು. ವೈರ್ ಎಳೆದಾದ ಮೇಲೆ 500 ವೋಲ್ಟಿನ ಮೆಗ್ಗರ್ ಹಿಡಿದು ಇನ್ಸುಲೇಶನ್ ಪರೀಕ್ಷಿಸುತ್ತೇವೆ. ನನಗೆ ಬಹಳ ಇಷ್ಟದ ಕೆಲಸ ಅದು. ಗೋಡೆಯೊಳಗಿನ ಗಾಯ ಅಲ್ಲೇ ಗೊತ್ತಾಗುತ್ತದೆ.

ಎಂಸಿಬಿ, ಅಂದರೆ ಬೋರ್ಡಿನಲ್ಲಿರುವ ಬ್ರೇಕರ್, ಕಾಯುವುದು ವೈರನ್ನು. ಮನುಷ್ಯರನ್ನು ಕಾಯಲು ಕರೆಂಟ್ ಸೋರಿದರೆ ಕಡಿದುಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು. ಮನೆ ಕಟ್ಟಿಸುವವರೇ, ದಯವಿಟ್ಟು ಅದರಲ್ಲಿ ಹಣ ಉಳಿಸಬೇಡಿ. ಕಾಂಕ್ರೀಟ್ ಹಾಕುವ ಮೊದಲು ಪೈಪುಗಳ ಫೋಟೊ ತೆಗೆದಿಟ್ಟುಕೊಳ್ಳಿ.