ಕುದಿಸಿದ ನೀರು ಮತ್ತು ಮಳೆ ನೀರು

"ಡಾಕ್ಟರ್ ಸಾಹೇಬರೇ, ನಮ್ಮ ಮನೆಯಲ್ಲಿ ಕುದಿಸದ ನೀರನ್ನು ಯಾರೂ ಕುಡಿಯುವುದಿಲ್ಲ. ಆದರೂ ಮಗನ ಹಲ್ಲು ಯಾಕೆ ಹೀಗಾಯಿತು?"

ಕೋಲಾರ ಕಡೆಯ ತಾಯಿಯೊಬ್ಬರು ಒಂಬತ್ತು ವರ್ಷದ ಮಗನನ್ನು ಕರೆತಂದು ಕೇಳಿದ ಪ್ರಶ್ನೆಯಿದು. ಹುಡುಗನ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಮನೆಯ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿದಾಗ ಕಾರಣ ತಿಳಿಯಿತು: ಫ್ಲೋರೈಡ್. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಈ ಮಾತನ್ನು ಆ ತಾಯಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಸೂರ್ಯನು ತೆಗೆಯುವ ಅರ್ಕ್

ಗುಲಾಬಿಯ ಅರ್ಕ್ ತೆಗೆಯುವ ವಿಧಾನ ನಿಮಗೆ ಗೊತ್ತಿರಬಹುದು. ಪಾತ್ರೆಯಲ್ಲಿ ನೀರು ಮತ್ತು ಹೂವಿನ ಎಸಳು ಹಾಕಿ ಬಿಸಿ ಮಾಡುತ್ತೇವೆ. ಆವಿ ಮೇಲೇರಿ, ತಣ್ಣಗಾಗಿ, ಹನಿಹನಿಯಾಗಿ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ನೀರಿನಲ್ಲಿದ್ದ ಉಪ್ಪು, ಲವಣಗಳೆಲ್ಲ ತಳದಲ್ಲೇ ಉಳಿಯುತ್ತವೆ.

ಜಲಚಕ್ರವೂ ಹೀಗೆಯೇ. ಸಮುದ್ರವೇ ಪಾತ್ರೆ, ಸೂರ್ಯನೇ ಬೆಂಕಿ, ಮೇಲಿನ ತಣ್ಣನೆಯ ಗಾಳಿಯೇ ಮುಚ್ಚಳ. ಭೂಮಿಯ ನೀರಿನಲ್ಲಿ ಸುಮಾರು 97 ಪಾಲು ಉಪ್ಪುನೀರು. ಅದರಿಂದ ಆವಿಯಾಗಿ ಏಳುವ ನೀರಿನಲ್ಲಿ ಉಪ್ಪಿರುವುದಿಲ್ಲ. ಆ ಆವಿ ಸರಾಸರಿ ಒಂಬತ್ತು ಹತ್ತು ದಿನ ಗಾಳಿಯಲ್ಲಿದ್ದು ಮಳೆಯಾಗಿ ಇಳಿಯುತ್ತದೆ. ಒಂದಿಷ್ಟು ಹರಿದು ಕೆರೆ, ಹೊಳೆ ಸೇರುತ್ತದೆ. ಒಂದಿಷ್ಟು ಮತ್ತೆ ಆವಿಯಾಗುತ್ತದೆ. ಉಳಿದದ್ದು ನೆಲದೊಳಗೆ ಇಂಗುತ್ತದೆ.

ತೊಂದರೆ ಇರುವುದು ಈ ಕೊನೆಯ ಹಂತದಲ್ಲಿ. ಕೋಲಾರದ ನೆಲದಡಿ ಗಟ್ಟಿ ಕಲ್ಲುಬಂಡೆ. ಅದರ ಬಿರುಕುಗಳಲ್ಲಿ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಇಂಗುವುದಕ್ಕಿಂತ ಹೆಚ್ಚು ನೀರನ್ನು ನಾವು ಎತ್ತಿದೆವು. ತೆರೆದ ಬಾವಿಗಳು ಬತ್ತಿದವು, ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು. ಅಷ್ಟು ಆಳದ ನೀರು ಕಲ್ಲಿನೊಡನೆ ಬಹುಕಾಲ ಕಳೆದ ಹಳೆಯ ನೀರು.

ಈಗ ಅಡುಗೆಮನೆಗೆ ಬನ್ನಿ. ಆ ನೀರನ್ನು ಕುದಿಸಿದಾಗ ಆವಿ ಹಾರಿಹೋಗುತ್ತದೆ. ನೀವು ಕುಡಿಯುವುದು ಪಾತ್ರೆಯಲ್ಲಿ ಉಳಿದದ್ದನ್ನು. ಹೆಚ್ಚು ಹೊತ್ತು ಕುದಿಸಿದಷ್ಟೂ ಫ್ಲೋರೈಡ್ ಗಾಢವಾಗುತ್ತದೆ. ಸಾಮಾನ್ಯ ಕ್ಯಾಂಡಲ್ ಫಿಲ್ಟರ್ ಕೂಡ ಅದನ್ನು ತಡೆಯದು.

ದೇಹಕ್ಕೆ ಏನಾಗುತ್ತದೆ?

ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಗರಿಷ್ಠ ಮಿತಿ. ಅದನ್ನು ಮೀರಿದ ನೀರು ಕುಡಿಯುವ ಎಳೆಯ ಮಕ್ಕಳಿಗೆ ಹಲ್ಲು ರೂಪುಗೊಳ್ಳುವ ಕಾಲದಲ್ಲೇ ಕಲೆ ಬೀಳುತ್ತದೆ. ಅತಿಯಾದ ಫ್ಲೋರೈಡನ್ನು ಹಲವು ವರ್ಷ ಕುಡಿದ ದೊಡ್ಡವರಲ್ಲಿ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿಯಬಹುದು. ಇದನ್ನು ಸಂಧಿವಾತವೆಂದು ತಿಳಿದು ಔಷಧಿಗೆ ಬರುವವರಿದ್ದಾರೆ. ನೀರನ್ನು ಬದಲಿಸದೆ ನಾನು ಎಷ್ಟು ಮಾಜೂನ್ ಕೊಟ್ಟರೂ ಪ್ರಯೋಜನವಿಲ್ಲ.

ಪರಿಹಾರ ನಿಮ್ಮ ಮಾಡಿನ ಮೇಲಿದೆ

ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಮಳೆ ನೀರನ್ನು ಉತ್ತಮ ನೀರುಗಳ ಸಾಲಿಗೆ ಸೇರಿಸಿದ್ದಾರೆ. ಅದು ಬೇಗ ಕೆಡುತ್ತದೆ, ಆದ್ದರಿಂದ ಕುದಿಸಬೇಕು ಎಂಬ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಇಂದಿಗೂ ಆ ಎಚ್ಚರಿಕೆ ಸರಿಯೇ.

ಲೆಕ್ಕ ನೋಡಿ. ಸಾವಿರ ಚದರ ಅಡಿ ತಾರಸಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ ಬೀಳುವ ನೀರು ಸುಮಾರು 65,000 ಲೀಟರ್. ಐದು ಮಂದಿಯ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದರೂ ವರ್ಷಕ್ಕೆ ಬೇಕಾದದ್ದು 7,300 ಲೀಟರ್. ಮಸೀದಿ, ಮದ್ರಸಗಳ ದೊಡ್ಡ ತಾರಸಿ ಇಡೀ ಮೊಹಲ್ಲಾದ ಮಕ್ಕಳ ಹಲ್ಲು ಕಾಯಬಲ್ಲದು.

ನೆನಪಿಡಿ:

• ಬೋರ್‌ವೆಲ್ ನೀರನ್ನು ಒಮ್ಮೆಯಾದರೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಫ್ಲೋರೈಡಿಗೆ ರುಚಿ, ಬಣ್ಣ, ವಾಸನೆ ಇಲ್ಲ.

• ಮಿತಿ ಮೀರಿದ್ದರೆ ಆ ನೀರನ್ನು ಸ್ನಾನ, ಬಟ್ಟೆ, ವುಝೂಗೆ ಬಳಸಿ. ಕುಡಿಯಲು, ಅಡುಗೆಗೆ ಮಳೆ ನೀರು ಅಥವಾ ಆರ್‌.ಓ. ನೀರು ಇರಲಿ.

• ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿ. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ.

• ತೊಟ್ಟಿ ಮುಚ್ಚಿರಲಿ, ಸೊಳ್ಳೆ ಹೋಗದಂತೆ ಸಣ್ಣ ಕಣ್ಣಿನ ಬಲೆ ಇರಲಿ. ಮಳೆ ನೀರನ್ನು ಕುದಿಸಿಯೇ ಕುಡಿಯಿರಿ.

• ಮಕ್ಕಳಿಗೆ ಹಾಲು, ರಾಗಿ, ನೆಲ್ಲಿಕಾಯಿ ಕೊಡಿ. ಸುಣ್ಣದಂಶ ಇರುವ ಆಹಾರ ಫ್ಲೋರೈಡಿನ ಹೀರಿಕೆಯನ್ನು ಕಡಿಮೆ ಮಾಡುತ್ತದೆ.

• ತೊಟ್ಟಿ ತುಂಬಿ ಉಕ್ಕುವ ನೀರನ್ನು ಚರಂಡಿಗೆ ಬಿಡದೆ ಇಂಗುಗುಂಡಿಗೆ ಹರಿಸಿ.

ಆ ಹುಡುಗನ ಹಲ್ಲಿನ ಗೆರೆಗಳನ್ನು ನಾನು ಅಳಿಸಲಾರೆ. ಆದರೆ ಅವನಿಗೆ ಎರಡು ವರ್ಷದ ತಂಗಿಯಿದ್ದಾಳೆ. ಅವಳ ಶಾಶ್ವತ ಹಲ್ಲುಗಳು ಇನ್ನೂ ಮೂಡಬೇಕಷ್ಟೆ. ಈ ಮಳೆಗಾಲದಲ್ಲಿ ಆ ಮನೆಯ ತಾರಸಿಗೆ ಪೈಪು ಕೂರಿಸಲು ಹೇಳಿದ್ದೇನೆ. ನಿಮ್ಮ ಮನೆಯಲ್ಲೂ ಪುಟ್ಟ ಮಕ್ಕಳಿದ್ದರೆ ಮೊದಲು ನೀರಿನ ಪರೀಕ್ಷೆ ಮಾಡಿಸಿ.