ಆರ್ಮೇನಿಯರ ಸಂಹಾರ: ಸಾಕ್ಷ್ಯಗಳ ಬಲಾಬಲ ವಿಚಾರ

1915ನೆಯ ಇಸವಿಯಿಂದ ಮೊದಲುಗೊಂಡು ಆಟೊಮನ್ ಸಾಮ್ರಾಜ್ಯದಲ್ಲಿ ನಡೆದ ಆರ್ಮೇನಿಯರ ಸಂಹಾರಕ್ಕೆ ಎರಡು ಬಗೆಯ ಸಾಕ್ಷ್ಯಗಳಿರುವುವು. ಹೊರಗಿನವರು ಕಣ್ಣಾರೆ ಕಂಡು ಬರೆದುವು ಒಂದು ಬಗೆ. ಬದುಕಿ ಉಳಿದವರು ಹೇಳಿದುವು ಮತ್ತೊಂದು ಬಗೆ. ಇದನ್ನು ಜನಾಂಗಹತ್ಯೆಯೆಂದು ತುರ್ಕಿಯ ಸರ್ಕಾರವು ಇಂದಿಗೂ ಒಪ್ಪದಿರುವುದರಿಂದ ಇವುಗಳ ಬಲಾಬಲವನ್ನು ವಿಚಾರಿಸುವುದು ಅವಶ್ಯಕವಾಗಿದೆ.

ಮೊದಲನೆಯ ಬಗೆಯಲ್ಲಿ ಪ್ರಸಿದ್ಧವಾದುದು ಬ್ರೈಸ್ ಪ್ರಭುಗಳ ಹೆಸರಿನಲ್ಲಿ ಟಾಯ್ನ್‌ಬಿಯವರು ಸಂಪಾದಿಸಿ 1916ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದಿಡಲ್ಪಟ್ಟ ಸಂಗ್ರಹವು. ಸಾಕ್ಷಿಗಳಲ್ಲಿ ಅನೇಕರು ಇನ್ನೂ ಅಪಾಯದಲ್ಲಿದ್ದುದರಿಂದ ಅವರ ಹೆಸರುಗಳನ್ನು ಮರೆಸಲಾಗಿತ್ತು. ಯುದ್ಧಕಾಲದಲ್ಲಿ ಶತ್ರುಪಕ್ಷವು ಪ್ರಕಟಿಸಿದ, ಹೆಸರಿಲ್ಲದ ಹೇಳಿಕೆಗಳನ್ನು ನಂಬುವುದೆಂತು ಎಂಬ ಆಕ್ಷೇಪಣೆಯು ಸಹಜವೇ. ಮರೆಸಿದ ಹೆಸರುಗಳನ್ನು ತುಂಬಿದ ಆವೃತ್ತಿಯು 2000ದಲ್ಲಿ ಹೊರಬಂದುದರಿಂದ ಹೇಳಿದವರು ಯಾರೆಂಬುದನ್ನು ಈಗ ಪರೀಕ್ಷಿಸಬಹುದು. ಇದಕ್ಕಿಂತಲೂ ಪ್ರಬಲವಾದ ಸಮಾಧಾನವೊಂದುಂಟು. ಜರ್ಮನಿಯು ತುರ್ಕಿಯ ಮಿತ್ರರಾಷ್ಟ್ರವಾಗಿದ್ದಿತು; ಆದರೂ ಆಲೆಪ್ಪೊ ನಗರದಲ್ಲಿದ್ದ ಜರ್ಮನ್ ಕಾನ್ಸಲ್ ರೋಸ್ಲರರು ತಮ್ಮ ಸರ್ಕಾರಕ್ಕೆ ಕಳುಹಿಸಿದ ವರದಿಗಳು ಅದೇ ಸಂಗತಿಗಳನ್ನು ತಿಳಿಸುವುವು. ಮಿತ್ರನ ಮೇಲೆ ಇಲ್ಲದ ದೋಷವನ್ನು ಹೊರಿಸುವುದರಿಂದ ಅವರಿಗೆ ಪ್ರಯೋಜನವೇನೂ ಇರಲಿಲ್ಲ. ಆಗ ತಟಸ್ಥವಾಗಿದ್ದ ಅಮೆರಿಕದ ಕಾನ್ಸಲ್ ಡೇವಿಸ್ಸರು ಖಾರ್ಪುತ್ ಪಟ್ಟಣದಿಂದ ಹೊರಟು, ಗ್ಯೋಲ್ಜುಕ್ ಸರೋವರದ ದಡದ ಕಮರಿಗಳಲ್ಲಿ ಸಹಸ್ರಾರು ಶವಗಳನ್ನು ಸ್ವತಃ ನೋಡಿದರು. ಅವರಲ್ಲಿ ಹೆಚ್ಚಿನವರು ಹೆಂಗಸರೂ ಮಕ್ಕಳೂ ಆಗಿದ್ದರು.

ಬದುಕಿ ಉಳಿದವರ ಸಾಕ್ಷ್ಯದ ಗುಣವು ಬೇರೆ. ಕಾನ್ಸಲರು ಪಟ್ಟಣದಿಂದ ಹೊರಟ ಗುಂಪನ್ನು ಕಂಡರು. ಮುಂದೆ ದಾರಿಯಲ್ಲಿ ಏನಾಯಿತೆಂಬುದನ್ನು ನಡೆದವರು ಮಾತ್ರ ಬಲ್ಲರು. 1915ನೆಯ ಏಪ್ರಿಲ್ 24ರಂದು ಕಾನ್‌ಸ್ಟಾಂಟಿನೋಪಲಿನಲ್ಲಿ ಬಂಧಿತರಾದವರಲ್ಲಿ ಅರಾಮ್ ಆಂಡೋನಿಯನ್ನರೂ ಒಬ್ಬರು. ಅವರು ಯುದ್ಧಾನಂತರ ಆಲೆಪ್ಪೊವಿನಲ್ಲಿ ನಿರಾಶ್ರಿತರ ಹೇಳಿಕೆಗಳನ್ನು ಬರೆದುಕೊಂಡರು. ಆ ಲಿಖಿತಗಳು ಪ್ಯಾರಿಸ್ಸಿನ ನುಬಾರ್ ಗ್ರಂಥಾಲಯದಲ್ಲಿ ಸಂರಕ್ಷಿತವಾಗಿವೆ. ನೆನಪು ಹಸಿಯಾಗಿದ್ದಾಗಲೇ ದಾಖಲಾದುದು ಇವುಗಳ ವಿಶೇಷ. ಹಲವು ದಶಕಗಳ ಬಳಿಕ, ಆಗ ಬಾಲಕರಾಗಿದ್ದ ವೃದ್ಧರಿಂದ ಪಡೆದ ಹೇಳಿಕೆಗಳಲ್ಲಿ ತಾರೀಖು, ಸಂಖ್ಯೆಗಳು ಸಡಿಲವಾಗಿರಬಹುದು. ರಾಜಧಾನಿಯ ಆಜ್ಞೆಯ ವಿಷಯದಲ್ಲಿ ಮಗುವಿನ ಸಾಕ್ಷ್ಯವು ಸಲ್ಲತಕ್ಕುದಲ್ಲ. ಆದರೆ ತಂದೆಯನ್ನು ಯಾರು ಕರೆದೊಯ್ದರು, ತಾಯಿಯು ಎಲ್ಲಿ ಬಿದ್ದಳು ಎಂಬುದಕ್ಕೆ ಆ ಮಗುವೇ ಪ್ರಮಾಣ.

ಗಂಡಸರನ್ನು ಮೊದಲು ಬೇರ್ಪಡಿಸಿ ಕೊಲ್ಲುವುದು, ಉಳಿದವರನ್ನು ಸಿರಿಯದ ಮರುಭೂಮಿಯ ಕಡೆಗೆ ನಡೆಯಿಸುವುದು, ದಾರಿಯಲ್ಲಿ ಸುಲಿಗೆ ಮತ್ತು ಅಪಹರಣ—ಈ ಕ್ರಮವನ್ನು ಒಬ್ಬರನ್ನೊಬ್ಬರು ಅರಿಯದ ಸಾಕ್ಷಿಗಳು ದೂರದೂರದ ಊರುಗಳಿಂದ ಒಂದೇ ರೀತಿಯಾಗಿ ಹೇಳುವರು. ಇಂಥ ಐಕಮತ್ಯವು ಆಕಸ್ಮಿಕವಾಗಿರಲಾರದು. ಒಂದೊಂದು ಹೇಳಿಕೆಯಲ್ಲಿ ಕೊರತೆಯಿದ್ದರೂ ಎಲ್ಲವೂ ಸೇರಿದ ಸಾಕ್ಷ್ಯವು ಅಚಲವಾದುದೆಂದು ಸಿದ್ಧವಾಗುತ್ತದೆ.