ಗೆರೆಯ ಆಚೆ ಕೂತು ಕಪ್ ಗೆಲ್ಲಿಸಿದಾಕಿ

ನಿಡಗುಂದಿ: ಹೆದ್ದಾರಿ ಬದಿಯ ಚಾದಂಗಡಿಯಲ್ಲಿ ಕಬಡ್ಡಿ ಮಾತು ಶುರುವಾಯಿತೆಂದರೆ ವಿಜಯಪುರದ ಬಸ್ಸು ಬಂದು ಹೋದರೂ ಮಂದಿ ಏಳುವುದಿಲ್ಲ. ಪರ್ದೀಪ್ ನರ್ವಾಲ್ ಎಷ್ಟು ಪಾಯಿಂಟ್ ಹೊಡೆದ, ಪವನ್ ಸೆಹ್ರಾವತ್ ಯಾವ ತಂಡಕ್ಕೆ ಹೋದ, ಎಲ್ಲಾ ಬಾಯಿಪಾಠ. ಆದರೆ 2025ರ ನವೆಂಬರಿನಲ್ಲಿ ಢಾಕಾದಲ್ಲಿ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದ ಕೋಚ್ ನಮ್ಮ ಕರ್ನಾಟಕದಾಕಿ ಎಂದರೆ, 'ಹೌದೇನ್ರಿ?' ಎನ್ನುವವರೇ ಹೆಚ್ಚು.

ಆಕೆ ಬೆಂಗಳೂರಿನ ವಿ. ತೇಜಸ್ವಿನಿ ಬಾಯಿ.

ಏಷ್ಯನ್ ಕ್ರೀಡಾಕೂಟಕ್ಕೆ ಗಂಡಸರ ಕಬಡ್ಡಿ ಬಂದದ್ದು 1990ರಲ್ಲಿ. ಹೆಣ್ಣುಮಕ್ಕಳು ಮಾತ್ರ ಇನ್ನೂ 20 ವರ್ಷ ಕಾಯಬೇಕಾಯಿತು. 2010ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ಬಾಗಿಲು ತೆರೆದಾಗ ಚಿನ್ನ ತಂದ ಮೊದಲ ತಂಡದಲ್ಲಿ ತೇಜಸ್ವಿನಿ ಇದ್ದರು. 2011ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2014ರಲ್ಲಿ ಇಂಚಾನ್‌ನಲ್ಲಿ ಮತ್ತೊಂದು ಚಿನ್ನ. ಕಾರ್ಕಳ ಕಡೆಯ ಮಮತಾ ಪೂಜಾರಿ ಎರಡೂ ಸಲ ಜೊತೆಗಿದ್ದರು.

ಇದೇ ಗೆಳತಿಯರು 2016ರಲ್ಲಿ ಎದುರಾಬದುರಾದರು. ಪ್ರೊ ಕಬಡ್ಡಿಯವರು ಆ ವರ್ಷ ಹೆಣ್ಣುಮಕ್ಕಳಿಗೂ ಮೂರು ತಂಡ ಕಟ್ಟಿದ್ದರು. ಫೈನಲ್‌ನಲ್ಲಿ ತೇಜಸ್ವಿನಿಯವರ ಸ್ಟಾರ್ಮ್ ಕ್ವೀನ್ಸ್ ಒಂದು ಕಡೆ, ಮಮತಾರ ಫೈರ್ ಬರ್ಡ್ಸ್ ಇನ್ನೊಂದು ಕಡೆ. 24-23, ಒಂದೇ ಪಾಯಿಂಟಿನಲ್ಲಿ ತೇಜಸ್ವಿನಿ ಗೆದ್ದರು. ಅಷ್ಟು ಬಿಗಿಯಾದ ಆಟ ನಡೆದ ಮೇಲೆಯೂ ಮುಂದಿನ ವರ್ಷ ಆ ಪಂದ್ಯಾವಳಿ ಇಲ್ಲ! ಗಂಡಸರ ಹರಾಜು ಮಾತ್ರ ಕೋಟಿ ದಾಟಿತು.

ಕೋಚ್ ಎಂದರೆ ಸೀಟಿ ಊದುವವರು ಎಂಬ ಭಾವನೆ ಹಲವರಲ್ಲಿದೆ. 2018ರ ಜಕಾರ್ತಾ ಫೈನಲ್ ನೆನಪಿಸಿಕೊಳ್ಳಬೇಕು. ಇರಾನ್ ಹುಡುಗಿಯರು ಭಾರತವನ್ನು 27-24ರಲ್ಲಿ ಕೆಡವಿದರು. ಅವರನ್ನು ತಯಾರು ಮಾಡಿದ್ದು ಯಾರು? ನಾಶಿಕದ ಶೈಲಜಾ ಜೈನ್. ನಮ್ಮ ಆಟ, ನಮ್ಮ ಹೆಂಗಸಿನ ಕೈಯಿಂದಲೇ ಕಲಿತು ನಮ್ಮನ್ನೇ ಮಣಿಸಿದರು. 30 ಸೆಕೆಂಡಿನ ರೈಡು, ಕೋರ್ಟಿನಲ್ಲಿ ಮೂವರೇ ಉಳಿದಾಗ ರೈಡರನ್ನು ಹಿಡಿದರೆ ಎರಡು ಪಾಯಿಂಟು. ಈ ಲೆಕ್ಕವನ್ನೆಲ್ಲ ಗೆರೆಯ ಆಚೆ ಕೂತು ತಲೆಯಲ್ಲಿ ಇಟ್ಟುಕೊಳ್ಳುವವರೇ ಕೋಚ್.

ತೇಜಸ್ವಿನಿ ಆ ಕುರ್ಚಿಗೆ ಬಂದ ದಾರಿ ಸಲೀಸಾಗಿರಲಿಲ್ಲ. 2021ರ ಮೇ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೊರೋನಾ ಹತ್ತಿತು. ಆಕೆ ಚೇತರಿಸಿಕೊಂಡರು, ಗಂಡ ಉಳಿಯಲಿಲ್ಲ. ಮಡಿಲಲ್ಲಿ ಹಸುಗೂಸು. ಕೇಂದ್ರದ ಕ್ರೀಡಾ ಇಲಾಖೆ 2 ಲಕ್ಷ ರೂಪಾಯಿ ನೆರವು ಕೊಟ್ಟಿತು. ಎರಡು ಚಿನ್ನ ತಂದವರ ಮನೆಗೆ ಇದು ಸಣ್ಣ ಮೊತ್ತವೇ ಸರಿ. ಆದರೂ ಆಕೆ ಮ್ಯಾಟ್ ಬಿಡಲಿಲ್ಲ.

ಢಾಕಾದಲ್ಲಿ 11 ದೇಶಗಳು. ಸೆಮಿಫೈನಲ್‌ನಲ್ಲಿ ಅದೇ ಇರಾನ್ ಎದುರು ಬಂತು, ಈ ಸಲ 33-21ರಿಂದ ಭಾರತದ ಕೈ ಮೇಲು. ಫೈನಲ್‌ನಲ್ಲಿ ಚೀನೀ ತೈಪೆ 35-28ರಲ್ಲಿ ಸೋತಿತು. ನಾಯಕಿ ರಿತು ನೇಗಿ. ತಂಡದಲ್ಲಿ ನಮ್ಮ ಕರಾವಳಿಯ ಧನಲಕ್ಷ್ಮಿ ಪೂಜಾರಿಯೂ ಇದ್ದರು.

ಉತ್ತರ ಕರ್ನಾಟಕದ ಹೆಸರು ಆ ಪಟ್ಟಿಯಲ್ಲಿ ಯಾಕಿಲ್ಲ ಎಂದು ಚಾದಂಗಡಿಯ ಮಂದಿ ಕೇಳಬಹುದು. ಹುಡುಗಿಯರ ಕೋರ್ಟಿಗೆ ಬೇಕಾದದ್ದು 12 ಮೀಟರ್ ಉದ್ದ, 8 ಮೀಟರ್ ಅಗಲ. ಅಷ್ಟು ಬಯಲು ಯಾವ ಸಾಲಿ ಹಿಂದೆಯೂ ಸಿಗುತ್ತದೆ. ಸಾಲಿ ಬಿಟ್ಟ ಮೇಲೆ ತಾಸೊತ್ತು ಆಡಿಸಿ, ಕತ್ತಲಾಗುವ ಮುಂಚೆ ಆಲಮಟ್ಟಿ ಕಡೆಯ ಬಸ್ಸಿಗೆ ಹತ್ತಿಸಿ ಕಳಿಸುವವರು ಬೇಕು. ಆ ಕೆಲಸ ಈಗ ಪಿ.ಟಿ. ಮಾಸ್ತರರ ತಲೆಯ ಮೇಲಿದೆ. ಅವರಿಗೆ ಜನಗಣತಿಯೂ ಇದೆ, ಚುನಾವಣೆ ಡ್ಯೂಟಿಯೂ ಇದೆ.